ಸೆನ್ಸರ್ ಬದಲಿಸಿದರೂ ಇಎಸ್‌ಪಿ ಲೈಟ್ ಆರದಿದ್ದರೆ?

ಪ್ರಶ್ನೆ: ನಮ್ಮ ಮನೆ ವಿರಾಜಪೇಟೆ ಹತ್ತಿರ, ತೋಟದ ಒಳಗೆ. ಕಾರಿಗೆ ಆರು ವರ್ಷ. ಮಳೆ ಹಿಡಿದಾಗಿನಿಂದ ಎಬಿಎಸ್ ಲೈಟು, ಜಾರುವ ಕಾರಿನ ಚಿತ್ರ ಇರುವ ಇಎಸ್‌ಪಿ ಲೈಟು ಎರಡೂ ಒಟ್ಟಿಗೆ ಹತ್ತಿಕೊಳ್ಳುತ್ತಿವೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಹೋಗುತ್ತವೆ, ಸ್ವಲ್ಪ ದೂರ ಓಡಿಸಿದರೆ ಮತ್ತೆ ಹಾಜರ್. ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಜಾಸ್ತಿ. ಗ್ಯಾರೇಜ್‌ನಲ್ಲಿ ಸ್ಕ್ಯಾನ್ ಮಾಡಿ ಎಡಗಡೆ ಮುಂದಿನ ವೀಲ್ ಸ್ಪೀಡ್ ಸೆನ್ಸರ್ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಒಂದು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಎಬಿಎಸ್ ಮಾಡ್ಯೂಲನ್ನೇ ಬದಲಿಸಬೇಕು ಅನ್ನುತ್ತಿದ್ದಾರೆ. ಹಾಕಿಸಲಾ ಸರ್?

ಉತ್ತರ: ಈಗಲೇ ಬೇಡ. ಮಳೆ, ತಿರುವು, ಒಂದು ವಾರದ ಬಿಡುವು: ನೀವು ಬರೆದ ಈ ಮೂರರಲ್ಲೇ ಅರ್ಧ ಉತ್ತರ ಇದೆ. ನನ್ನ ಅನುಮಾನ ಮಾಡ್ಯೂಲ್ ಮೇಲೆ, ಅಂದರೆ ಎಬಿಎಸ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಮೇಲೆ ಇಲ್ಲ, ಸೆನ್ಸರ್ ವೈರು ಸೇರುವ ಕನೆಕ್ಟರ್ ಮೇಲೆ.

ಇಎಸ್‌ಪಿ ಅಂದರೆ ಕಾರು ಜಾರದಂತೆ ಹಿಡಿತದಲ್ಲಿಡುವ ವ್ಯವಸ್ಥೆ. ಅದು ನಾಲ್ಕೂ ಚಕ್ರದ ವೇಗ ನೋಡುತ್ತದೆ. ಸ್ಟೇರಿಂಗ್ ಎಷ್ಟು ತಿರುಗಿದೆ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಎಂದೂ ನೋಡುತ್ತದೆ. ಕೊನೆಯದಕ್ಕೆ ‘ಯಾ’ (yaw) ಸೆನ್ಸರ್ ಅಂತ ಬೇರೆಯೇ ಇರುತ್ತದೆ. ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೂ ಚಕ್ರದ ವೇಗ ಬೇಕು. ಹಾಗಾಗಿ ಎರಡೂ ಲೈಟ್ ಒಟ್ಟಿಗೆ ಬಂದರೆ ಮೊದಲು ಚಕ್ರದ ಕಡೆ ನೋಡಬೇಕು. ಗ್ಯಾರೇಜ್‌ನವರು ಅಲ್ಲಿಯವರೆಗೆ ಸರಿಯಾಗೇ ಹೋಗಿದ್ದಾರೆ.

ಎಡವಿದ್ದು ಕೋಡ್, ಅಂದರೆ ಸ್ಕ್ಯಾನರ್ ತೋರಿಸುವ ದೋಷದ ಸಂಕೇತ ಓದುವಾಗ. ಎಡಗಡೆ ಮುಂಚಕ್ರಕ್ಕೆ ಸಾಮಾನ್ಯವಾಗಿ ಬರುವ ಕೋಡ್ ಸಿ0035. ಅದು ಹೇಳುವುದು ಆ ಚಕ್ರದ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಅಂತ ಮಾತ್ರ. ಸರ್ಕ್ಯೂಟ್ ಅಂದರೆ ಸೆನ್ಸರ್, ಅದು ಓದುವ ರಿಂಗ್, ಕನೆಕ್ಟರ್, ಅಲ್ಲಿಂದ ಮಾಡ್ಯೂಲ್‌ವರೆಗಿನ ವೈರು ಎಲ್ಲವೂ. ಅದರಲ್ಲಿ ಒಂದನ್ನು ಬದಲಿಸಿ, ಸರಿಹೋಗಲಿಲ್ಲ ಅಂತ ನೇರ ಮಾಡ್ಯೂಲ್‌ಗೆ ಹಾರಿದ್ದಾರೆ.

ಒಂದು ವಾರ ಯಾಕೆ ಚೆನ್ನಾಗಿತ್ತು? ಹೊಸ ಸೆನ್ಸರ್ ಹಾಕುವಾಗ ಕನೆಕ್ಟರ್ ಬಿಚ್ಚಿ ಮತ್ತೆ ಒತ್ತಿದ್ದಾರೆ. ಪಿನ್ ಮೇಲಿನ ಕಿಲುಬು ಆಗ ಸ್ವಲ್ಪ ಉಜ್ಜಿ ಹೋಗಿರುತ್ತದೆ. ಮತ್ತೆ ನೀರು ಹೋಯಿತು, ಮತ್ತೆ ಕಿಲುಬು ಕಟ್ಟಿತು. ಸ್ಟೇರಿಂಗ್ ತಿರುಗಿಸಿದಾಗ ವೈರು ಎಳೆದು ಕನೆಕ್ಟರ್ ಅಲುಗಾಡುತ್ತದೆ, ಸಂಪರ್ಕ ತಪ್ಪುತ್ತದೆ. ಘಾಟಿಯಲ್ಲಿ ಜಾಸ್ತಿ ಬರುವುದಕ್ಕೆ ಇದೇ ಕಾರಣ ಇರಬಹುದು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಎಡಗಡೆ ಜಾಕ್ ಹಾಕಿಸಿ. ಚಕ್ರ ಬಿಚ್ಚಿ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್ ಸರಿಸಿದರೆ ಸೆನ್ಸರ್ ವೈರು ಸೇರುವ ಜಾಗ ಕಾಣುತ್ತದೆ. ಕೆಲವು ಕಾರಿನಲ್ಲಿ ಅದು ಬಾನೆಟ್ ಒಳಗಿರುತ್ತದೆ. ಬಿಚ್ಚಿ ಟಾರ್ಚ್ ಹಾಕಿ ನೋಡಿ. ಪಿನ್ ಹಸಿರಾಗಿದೆಯಾ? ಒಳಗೆ ಒದ್ದೆ ಇದೆಯಾ? ರಬ್ಬರ್ ಸೀಲ್ ಮಡಚಿ ಕೂತಿದೆಯಾ? ವೈರನ್ನು ಹಿಡಿಯುವ ಕ್ಲಿಪ್ಪುಗಳು ಜಾಗದಲ್ಲೇ ಇವೆಯಾ? ಸೆನ್ಸರ್ ಬದಲಿಸುವಾಗ ಕ್ಲಿಪ್ ಹಾಕದೆ ಬಿಡುವುದು ತುಂಬಾ ಮಾಮೂಲು. ಆಮೇಲೆ ವೈರು ಜೋತುಬಿದ್ದು ಟೈರಿಗೆ ಉಜ್ಜುತ್ತದೆ. ತೋಟದ ಶೆಡ್‌ನಲ್ಲಿ ನಿಲ್ಲಿಸುವ ಕಾರಾದರೆ ಇಲಿ ಕಡಿದ ಗುರುತು ಇದೆಯಾ ಅಂತಲೂ ನೋಡಿ.

ಕಿಲುಬು ಸಿಕ್ಕರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಲಿ, ಪಿನ್ ತಿಂದುಹೋಗಿದ್ದರೆ ಪಿನ್ ಬದಲಿಸಲಿ. ವೈರ್ ತಿರುಚಿ ಟೇಪ್ ಸುತ್ತುವ ಕೆಲಸಕ್ಕೆ ಮಾತ್ರ ಒಪ್ಪಬೇಡಿ. ಕಕ್ಕಡ ತಿಂಗಳ ಜಡಿಮಳೆಗೆ ಅದು ನಿಲ್ಲೋದಿಲ್ಲ.

ಚಕ್ರ ಮತ್ತೆ ಹಾಕಿ, ಜಾಕ್ ಇಳಿಸುವ ಮೊದಲು ಅದನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಸವೆದಿರಬಹುದು. ಈಗಿನ ಎಷ್ಟೋ ಕಾರುಗಳಲ್ಲಿ ಸೆನ್ಸರ್ ಓದುವ ಮ್ಯಾಗ್ನೆಟ್ ರಿಂಗ್ ಬೇರಿಂಗ್ ಸೀಲ್‌ನಲ್ಲೇ ಇರುತ್ತದೆ. ತಿರುವಿನಲ್ಲಿ ಭಾರ ಬಿದ್ದು ಬೇರಿಂಗ್ ವಾಲಿದರೆ ಸೆನ್ಸರ್‌ಗೂ ರಿಂಗಿಗೂ ನಡುವಿನ ಅಂತರ ಬದಲಾಗಿ ಸಿಗ್ನಲ್ ಕೆಡುತ್ತದೆ.

ಕಣ್ಣಿಗೆ ಏನೂ ಸಿಗಲಿಲ್ಲವಾ? ಆಗ ಲೈವ್ ಡೇಟಾ, ಅಂದರೆ ಕಾರು ಓಡುವಾಗಲೇ ಸೆನ್ಸರ್‌ಗಳು ಕೊಡುವ ಅಂಕಿ ನೋಡಬೇಕು. ಕಾರಿನ ಕೋಡ್ ಓದುವ ಅಗ್ಗದ ಬ್ಲೂಟೂತ್ ಓಬಿಡಿ ಸಾಧನಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಅಷ್ಟೇ ಓದುತ್ತವೆ, ಎಬಿಎಸ್ ತೆರೆಯುವ ಸ್ಕ್ಯಾನರ್ ಬೇಕು. ನೇರ, ಖಾಲಿ ರಸ್ತೆಯಲ್ಲಿ ನೀವು ನಿಧಾನವಾಗಿ ಓಡಿಸಿ, ಪಕ್ಕದಲ್ಲಿ ಕೂತವರು ನಾಲ್ಕು ಚಕ್ರದ ವೇಗ ನೋಡಲಿ. ಮೂರು ಚಕ್ರ ಗಂಟೆಗೆ 20 ಕಿ.ಮೀ. ತೋರಿಸುವಾಗ ಒಂದು ಮಾತ್ರ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ಓಮ್ ನೋಡಲು ಹೊರಟರೆ ತಡೆಯಿರಿ. ಹಳೆಯ ಕಾಯಿಲ್ ಸೆನ್ಸರ್‌ಗೆ ಅದು ಸರಿ, ಸಾಮಾನ್ಯವಾಗಿ 1ರಿಂದ 2 ಕಿಲೋ ಓಮ್ ಆಸುಪಾಸು ಬರುತ್ತದೆ. ಕೆಲಸ ಮಾಡಲು ಹೊರಗಿನಿಂದ ಕರೆಂಟ್ ಬೇಕಾದ ಈಗಿನ ಹಾಲ್ (Hall) ಸೆನ್ಸರ್‌ಗೆ ಆ ಲೆಕ್ಕ ಸಲ್ಲದು. ಅದಕ್ಕೆ ಇಗ್ನಿಷನ್ ಆನ್ ಮಾಡಿ ಕನೆಕ್ಟರ್‌ಗೆ ಮಾಡ್ಯೂಲ್ ಕಡೆಯಿಂದ ವೋಲ್ಟೇಜ್ ಬರುತ್ತಿದೆಯಾ ಅಂತ ನೋಡಬೇಕು. ಬರದಿದ್ದರೆ ಮಾಡ್ಯೂಲ್‌ವರೆಗಿನ ವೈರು ಪೂರ್ತಿ ನೋಡಲಿ. ಅದೂ ಸರಿಯಿದ್ದರೆ ಆಗ ಮಾಡ್ಯೂಲ್ ಮಾತು.

ಅಲ್ಲಿಯವರೆಗೆ ಕಾರು ಓಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಎರಡು ಲೈಟ್ ಇದ್ದಾಗ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಆದರೆ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಬಹುದು. ಘಾಟಿ ಇಳಿಯುವಾಗ ಕಡಿಮೆ ಗೇರ್‌ನಲ್ಲಿ, ಅಂತರ ಬಿಟ್ಟು ಇಳಿಯಿರಿ. ಇವುಗಳ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ಓಡಿಸಲೇಬೇಡಿ. ಬ್ರೇಕ್ ಆಯಿಲ್ ಕಡಿಮೆ ಆಗಿರಬಹುದು, ಅಥವಾ ಹಿಂದಿನ ಚಕ್ರಗಳ ಬ್ರೇಕ್ ಬಲವನ್ನು ಹಿಡಿತದಲ್ಲಿಡುವ ಇಬಿಡಿಯೂ ನಿಂತಿರಬಹುದು.

ಪ್ರಶ್ನೆ: ಸೋಮವಾರಪೇಟೆಯಲ್ಲಿ ಬ್ಯಾಟರಿ ಬದಲಿಸಿದ ಮೇಲೆ ಇಎಸ್‌ಪಿ ಲೈಟ್ ಮಾತ್ರ ಹತ್ತಿದೆ, ಎಬಿಎಸ್ ಲೈಟ್ ಇಲ್ಲ. ಇದೂ ಸೆನ್ಸರ್ ಕೆಟ್ಟಿದ್ದಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಬ್ಯಾಟರಿ ತೆಗೆದಾಗ ಕೆಲವು ಕಾರುಗಳಲ್ಲಿ ಸ್ಟೇರಿಂಗ್ ಆಂಗಲ್ ಸೆನ್ಸರ್‌ಗೆ ನೇರ ಯಾವುದು ಅನ್ನುವುದೇ ಮರೆತುಹೋಗುತ್ತದೆ. ಎಂಜಿನ್ ಆನ್ ಇಟ್ಟು ಸ್ಟೇರಿಂಗ್ ಅನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ನೇರ ಮಾಡಿ ಸ್ವಲ್ಪ ದೂರ ಓಡಿಸಿ. ಎಷ್ಟೋ ಸಲ ಅಷ್ಟಕ್ಕೇ ಲೈಟ್ ಆರುತ್ತದೆ. ಆರದಿದ್ದರೆ ಸ್ಕ್ಯಾನರ್‌ನಲ್ಲಿ ಝೀರೋ ಸೆಟ್ ಮಾಡಿಸಿ. ಅದಕ್ಕೂ ಮೊದಲು ವೀಲ್ ಅಲೈನ್‌ಮೆಂಟ್ ಸರಿಯಿರಲಿ. ಇಲ್ಲದಿದ್ದರೆ ಸೊಟ್ಟಗಿರುವುದನ್ನೇ ನೇರ ಅಂತ ಕಲಿಸಿದ ಹಾಗಾಗುತ್ತದೆ. ಅಂದ ಹಾಗೆ, ಕೆಸರಿನ ಏರಿನಲ್ಲಿ ಈ ಲೈಟ್ ಮಿಣಮಿಣ ಅಂದರೆ ಗಾಬರಿ ಬೇಡ, ಇಎಸ್‌ಪಿ ಆಗ ಕೆಲಸ ಮಾಡುತ್ತಿದೆ ಅಂತ ಅರ್ಥ.