ಹೇಳದೆ ರಜೆ ಹಾಕಿದ್ದಕ್ಕೆ ವಿಚಾರಣೆಯೇ ಇಲ್ಲದೆ ಕೆಲಸದಿಂದ ತೆಗೆಯಬಹುದೇ?

ಧರೆ ಕುಸಿದು ಆಗುಂಬೆ ಕಡೆಯ ಬಸ್ ನಿಂತು, ನೀವು ಒಂಬತ್ತು ದಿನ ಶಿವಮೊಗ್ಗದ ಫೌಂಡ್ರಿಗೆ ಹೋಗಲಾಗಲಿಲ್ಲ. ಹೋದಾಗ ಗೇಟಿನಲ್ಲೇ ‘ನಿಮ್ಮ ಹೆಸರು ತೆಗೆದಾಗಿದೆ’ ಅಂದರು. ಹಾಗೆ ತೆಗೆಯಲು ಬರುವುದಿಲ್ಲ.

ಎಂಟು ದಿನ ಮೀರಿ ಹೇಳದೆ ಗೈರಾದರೆ ಕೆಲಸ ತಾನಾಗಿಯೇ ಹೋಯಿತು ಎಂಬ ನಿಯಮವನ್ನು ಅವರು ತೋರಿಸಬಹುದು. ಡಿ.ಕೆ. ಯಾದವ್ ಎಂಬ ಕಾರ್ಮಿಕನ ಪ್ರಕರಣದಲ್ಲಿ ಇದ್ದದ್ದೂ ಅಂಥದ್ದೇ ನಿಯಮ. ವಿವರಣೆ ಕೇಳದೆ, ಆಂತರಿಕ ವಿಚಾರಣೆ ನಡೆಸದೆ ತೆಗೆದದ್ದು ಸಹಜ ನ್ಯಾಯಕ್ಕೆ (ಆತನ ಮಾತು ಕೇಳಿಯೇ ತೀರ್ಮಾನಿಸಬೇಕೆಂಬ ತತ್ವಕ್ಕೆ) ವಿರುದ್ಧ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಆತನಿಗೆ ಕೆಲಸ ಮರಳಿ ಸಿಕ್ಕಿತು, ಹಿಂಬಾಕಿ ಸಂಬಳ ಮಾತ್ರ ಅರ್ಧ. (ಈ ಅರ್ಧದ ವಿಷಯ ವಕೀಲರು ಮೊದಲೇ ಹೇಳುವುದು ಕಡಿಮೆ.)

ಹಾಗಂತ ಗೆದ್ದೇಬಿಟ್ಟಿರಿ ಅಂತಲ್ಲ. ವಿಚಾರಣೆ ನಡೆಸದ ಮಾಲೀಕರು ಆರೋಪವನ್ನು ಕಾರ್ಮಿಕ ನ್ಯಾಯಾಲಯದಲ್ಲೇ ಸಾಬೀತು ಮಾಡುತ್ತೇವೆ ಎನ್ನಬಹುದು. ನೀವು ಮ್ಯಾನೇಜರ್ ಹುದ್ದೆಯಲ್ಲಿದ್ದರೆ ಕಾರ್ಮಿಕ ನ್ಯಾಯಾಲಯದ ದಾರಿಯೇ ಇಲ್ಲ.

ಈ ವಾರವೇ ‘ಬಸ್ ಇರಲಿಲ್ಲ, ಕೆಲಸಕ್ಕೆ ಸಿದ್ಧನಿದ್ದೇನೆ’ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನೀವೇ ಕೆಲಸ ಬಿಟ್ಟಿರಿ ಎಂಬ ವಾದಕ್ಕೆ ಅದೇ ಉತ್ತರ. ಆಮೇಲೆ ಆ ಪತ್ರದ ನಕಲು, ಪಿಎಫ್ ಪಾಸ್‌ಬುಕ್, ಸಂಬಳದ ಚೀಟಿ ಹಿಡಿದು ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿ.