ಹನ್ನೊಂದನೇ ನಿಮಿಷದಲ್ಲಿ ನಿಂತ ಸಿನಿಮಾ

“ರಾತ್ರಿ ಎರಡು ಗಂಟೆವರೆಗೂ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾಳೆ ಮೇಡಂ. ಬೆಳಿಗ್ಗೆ ಕೇಳಿದ್ರೆ ಎಂಥದೂ ಆಗಿಲ್ಲ ಅಂತಾಳೆ. ಫೋನ್ ಬಂದ್ರೆ ಎತ್ತಲ್ಲ. ಯಾವುದೋ ಹುಡುಗನ ವಿಷಯ ಇರ್ಬೇಕು.” ತೀರ್ಥಹಳ್ಳಿ ಕಡೆಯಿಂದ ಮಗಳನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದ ತಾಯಿಯ ದೂರು ಇಷ್ಟು. ಹುಡುಗನ ವಿಷಯ ಹೌದಾಗಿತ್ತು, ಅವರು ಅಂದುಕೊಂಡ ಬಗೆಯದ್ದಲ್ಲ ಅಷ್ಟೆ.

(ಹುಡುಗಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.)

ಅವಳು ಶಿವಮೊಗ್ಗದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದಿದವಳು. ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಾಲ್ವರು ಸೇರಿ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಿರುಚಿತ್ರ ತೆಗೆದಿದ್ದರು. ವಿಷಯ ಕೊನೆಗೌಡರದ್ದು. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರಿ, ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುತ್ತ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವರು. ಈಗ ನೆಲದ ಮೇಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿಯಿರುವ ಉದ್ದನೆಯ ಕೋಲು, ತೋಟಗಳಿಗೆ ಬಂದಿದೆ. ಮರ ಹತ್ತುವವರು ಸಿಗುವುದಿಲ್ಲ ಎಂದು ತೋಟದವರು ದೋಟಿ ತರುತ್ತಾರೆ. ದೋಟಿ ಬಂತೆಂದು ಹತ್ತುವವರ ಮಕ್ಕಳು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಸಿನಿಮಾ ಅರ್ಧ ಸಾಕ್ಷ್ಯಚಿತ್ರ, ಅರ್ಧ ಕಥೆ. ಒಬ್ಬ ನಿಜವಾದ ಕೊನೆಗೌಡರು, ಅವರ ಎದುರಿಗೆ ಬೆಂಗಳೂರಿನಿಂದ ದೋಟಿ ಕೊಂಡು ತರುವ ತೋಟದ ಮನೆಯ ಮಗ. ಮಗನ ಪಾತ್ರ ಮಾಡಿದವನು ತಂಡದವನೇ, ಸ್ಕ್ರಿಪ್ಟ್ ಬರೆದವನೂ ಅವನೇ. ಇವಳದು ನಿರ್ದೇಶನ ಮತ್ತು ಎಡಿಟಿಂಗ್.

ಅಂಕಕ್ಕೆ ಬೇಕಾದಷ್ಟನ್ನು ಹೇಗೋ ಜೋಡಿಸಿ ಕೊಟ್ಟು ಪಾಸಾಗಿದ್ದರು. ಪೂರ್ತಿ ಮಾಡಿ ಹಳ್ಳಿಯಲ್ಲೇ ತೋರಿಸುತ್ತೇವೆಂದು ಕೊನೆಗೌಡರಿಗೆ ಮಾತು ಕೊಟ್ಟದ್ದು ಮಾತ್ರ ಉಳಿದಿತ್ತು. ಕೊಯ್ಲಿನಲ್ಲಿ ತೆಗೆದ ಸಿನಿಮಾ ಮಳೆಗಾಲ ಹಿಡಿದರೂ ಮುಗಿದಿರಲಿಲ್ಲ.

ಮನೆಯಲ್ಲಿ ಅವಳಿಗೆ ಸಿಕ್ಕ ಬಿರುದು ಸೋಮಾರಿ. ರಾತ್ರಿ ಎರಡರವರೆಗೆ ಕೂರುವವಳು ಸೋಮಾರಿ ಹೇಗಾಗುತ್ತಾಳೆ ಎಂದು ಯಾರೂ ಕೇಳಿರಲಿಲ್ಲ. ನಾನು ಮೊದಲು ನೋಡಿದ್ದು ನಿದ್ದೆ, ಊಟ, ಹಿಂದೆ ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಈಗಲೂ ಮನಸ್ಸಿದೆಯೇ ಎಂಬುದನ್ನು. ಖಿನ್ನತೆಯನ್ನು ಅಳೆಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಿದೆ, ಒಟ್ಟು 27 ಅಂಕ. 5ರಿಂದ 9 ಬಂದರೆ ಸೌಮ್ಯ ಎನ್ನುತ್ತೇವೆ, ಇವಳದು ಅಷ್ಟರೊಳಗೇ ಇತ್ತು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ತಾಯಿಯನ್ನು ಹೊರಗೆ ಕೂರಿಸಿ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆಂಬ ಹೆದರಿಕೆ ಬಹಳ ಜನಕ್ಕಿದೆ. ಸಂಶೋಧನೆಗಳು ಹಾಗೆ ಹೇಳುವುದಿಲ್ಲ. ಅವಳಿಗೆ ಆ ಯೋಚನೆ ಇರಲಿಲ್ಲ. ಇದ್ದಿದ್ದರೆ ಸಿನಿಮಾದ ಮಾತು ಬದಿಗಿಟ್ಟು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಓದುತ್ತಿರುವ ಯಾರಿಗಾದರೂ ಹಾಗನ್ನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

“ಎಡಿಟಿಂಗ್ ಯಾಕೆ ನಿಂತಿದೆ?” ಎಂದದ್ದಕ್ಕೆ ಉತ್ತರ ಸಿದ್ಧವಾಗಿಯೇ ಇತ್ತು. ಲ್ಯಾಪ್‌ಟಾಪ್ ನಿಧಾನ. ಗಾಳಿಮಳೆಗೆ ಕರೆಂಟ್ ಇರುವುದಿಲ್ಲ. ಮಾತಿಗೂ ತುಟಿಗೂ ಹೊಂದುತ್ತಿಲ್ಲ. ಯಾವುದೂ ಸುಳ್ಳಲ್ಲ. ಸ್ವಲ್ಪ ಭಾಗವನ್ನು ಎರವಲು ತಂದ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮಿನಂತೆ ತೆಗೆದಿದ್ದರು, ಉಳಿದದ್ದನ್ನು ಮೊಬೈಲಿನಲ್ಲಿ. ಮೊಬೈಲಿನ ಫ್ರೇಮ್ ದರ ಸಾಮಾನ್ಯವಾಗಿ ಒಂದೇ ಸಮ ಇರುವುದಿಲ್ಲ, ಬೆಳಕು ಮತ್ತು ಹೊರೆ ನೋಡಿಕೊಂಡು ಏರುತ್ತ ಇಳಿಯುತ್ತ ಇರುತ್ತದೆ. ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದಿದ್ದರೆ ಉದ್ದದ ಶಾಟ್ ಮುಂದುವರಿದ ಹಾಗೆ ಚಿತ್ರವೂ ಮಾತೂ ಬೇರೆಯಾಗುತ್ತವೆ. ನಾನು ತಾಂತ್ರಿಕಳಲ್ಲ, ಇಷ್ಟನ್ನು ವಿವರಿಸಿದವರು ಮದುವೆ ವಿಡಿಯೊ ಎಡಿಟ್ ಮಾಡುವ ಒಬ್ಬ ಪರಿಚಿತರು. ಅವಳನ್ನು ಅವರಲ್ಲಿಗೆ ಕಳಿಸಿದೆ. ಅವರು ಮೊಬೈಲಿನ ಫೈಲುಗಳನ್ನೆಲ್ಲ ಸ್ಥಿರವಾದ 25 ಫ್ರೇಮಿಗೆ ಬದಲಿಸಿ, ಹಳೆಯ ಲ್ಯಾಪ್‌ಟಾಪಿಗೂ ಭಾರವಾಗದ ಪ್ರಾಕ್ಸಿ ಪ್ರತಿಗಳನ್ನು ಮಾಡಿಕೊಳ್ಳುವುದು ಹೇಳಿಕೊಟ್ಟರು. ಮದುವೆ ವಿಡಿಯೊದವರನ್ನು ಸಿನಿಮಾದ ಹುಡುಗರು ಹಗುರವಾಗಿ ನೋಡುತ್ತಾರೆ. ಹೇಳಿದ ದಿನಕ್ಕೆ ಮುಗಿಸಿ ಕೊಡುವ ಕಲೆ ಈ ಜಿಲ್ಲೆಯಲ್ಲಿ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ತೊಡಕು ಬಿಟ್ಟಿತು. ಸಿನಿಮಾ ಆಮೇಲೂ ಮುಂದೆ ಹೋಗಲಿಲ್ಲ. ನನ್ನ ಕೆಲಸ ನಿಜವಾಗಿ ಶುರುವಾದದ್ದು ಅಲ್ಲಿಂದ. ತಾಂತ್ರಿಕ ಕಾರಣ ನೀಗಿದ ಮೇಲೂ ಕೆಲಸ ನಿಂತೇ ಇದ್ದರೆ ಕಾರಣ ಬೇರೆ ಕಡೆ ಇರುತ್ತದೆ.

ಲ್ಯಾಪ್‌ಟಾಪ್ ತಂದು, ಶಾಟ್‌ಗಳನ್ನು ಸಾಲಾಗಿ ಜೋಡಿಸಿದ ಟೈಮ್‌ಲೈನ್ ತೋರಿಸು ಎಂದೆ. ಇದು ನಮ್ಮ ಪಠ್ಯದಲ್ಲಿಲ್ಲ, ಆದರೆ ಎದುರಿಗಿರುವವರು ಕೈಯಾರೆ ಮಾಡುತ್ತಿರುವುದನ್ನು ನೋಡಿದರೆ ಅವರ ಬಾಯಿಂದ ಬರುವುದಕ್ಕಿಂತ ಹೆಚ್ಚು ತಿಳಿಯುತ್ತದೆ ಎಂದು ನಂಬಿದವಳು ನಾನು. ಮೊದಲ ನಾಲ್ಕು ನಿಮಿಷ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಬಣ್ಣ ತಿದ್ದಿದೆ, ಹಿನ್ನೆಲೆಗೆ ಹಕ್ಕಿಯ ದನಿ ಕೂಡಿಸಿದೆ, ಹೆಸರು ಬರುವ ಅಕ್ಷರಗಳನ್ನೂ ಬಗೆಬಗೆಯಾಗಿ ಮಾಡಿ ನೋಡಿದೆ. ನಾಲ್ಕರಿಂದ ಹನ್ನೊಂದರವರೆಗೆ ಒರಟಾಗಿ ಜೋಡಿಸಿದೆ. ಹನ್ನೊಂದರ ನಂತರ ಖಾಲಿ.

“ಹನ್ನೊಂದನೇ ನಿಮಿಷದಲ್ಲಿ ಏನು ಬರಬೇಕು?”

“ಅವನು ದೋಟಿ ತಗೊಂಡು ಬರೋ ಸೀನ್.”

ಆ ಸೀನ್ ಹಾಕಿಕೊಟ್ಟಳು. ಆಮೇಲೆ ನಾನು ಕೇಳದೆಯೇ ಬೇರೊಂದು ಶಾಟ್ ತೋರಿಸಿದಳು. ಗೋಡೆಗೆ ಒರಗಿಸಿಟ್ಟ ದೋಟಿಯನ್ನು ಕೊನೆಗೌಡರು ಎತ್ತಿ, ತೂಕ ನೋಡಿ, ತುದಿಯ ಕತ್ತಿಯನ್ನು ಹೆಬ್ಬೆರಳಲ್ಲಿ ಮುಟ್ಟಿ, ಮತ್ತೆ ಇದ್ದಲ್ಲೇ ಒರಗಿಸುತ್ತಾರೆ. ಮಾತಿಲ್ಲ. ಕ್ಯಾಮೆರಾ ಆನ್ ಇದ್ದದ್ದು ಅವರಿಗೆ ಗೊತ್ತಿರಲಿಲ್ಲವಂತೆ, ಆಮೇಲೆ ತೋರಿಸಿ ಒಪ್ಪಿಗೆ ಪಡೆದಿದ್ದಾರೆ. ಈ ಶಾಟ್ ಇದ್ದ ಮೇಲೆ ಆ ಸೀನ್ ಬೇಡ. ನನಗೇ ಗೊತ್ತಾಯಿತೆಂದ ಮೇಲೆ ಅವಳಿಗೆ ಎಂದೋ ಗೊತ್ತಾಗಿರಬೇಕು.

“ಅವನ ಭಾಗ ಪೂರ್ತಿ ಹೋಗತ್ತೆ ಮೇಡಂ. ಆ ಹಳ್ಳಿ ಅವನದ್ದೇ. ಶೂಟಿಂಗ್ ಪೂರ್ತಿ ಅವರ ಮನೇಲೇ ಉಳಿದಿದ್ವಿ. ಓಡಾಡಿದ್ದು ಅವರಪ್ಪನ ಜೀಪಲ್ಲಿ. ಅವರಮ್ಮ ಬೆಳಿಗ್ಗೆ ಐದಕ್ಕೆದ್ದು ನಮ್ಮ ನಾಲ್ಕೂ ಜನಕ್ಕೆ ಕಡುಬು ಮಾಡಿದಾರೆ. ಹಾರ್ಡ್‌ಡಿಸ್ಕೂ ಅವನದ್ದೇ. ಉಂಡ ಮನೆಗೆ ಎರಡು ಬಗೆಯೋದಾ?”

ಮಲೆನಾಡಿನಲ್ಲಿ ಬೆಳೆದವರಿಗೆ ಈ ಮಾತಿನ ಭಾರ ಬಿಡಿಸಿ ಹೇಳಬೇಕಿಲ್ಲ. ನಾಲ್ಕು ನಿಮಿಷವನ್ನು ಅವಳು ಮತ್ತೆ ಮತ್ತೆ ತಿದ್ದುತ್ತಿದ್ದದ್ದು ಪರಿಪೂರ್ಣತೆಯ ಹುಚ್ಚಿನಿಂದಲ್ಲ. ಹನ್ನೊಂದನೆಯದಕ್ಕೆ ಹೋಗದಿರಲು ಅದೊಂದು ಗೌರವದ ದಾರಿಯಾಗಿತ್ತು. ಕೆಲಸ ಮುಂದೂಡುವುದನ್ನು ಮನೋವಿಜ್ಞಾನದಲ್ಲಿ ಈಗ ಸಮಯ ನಿರ್ವಹಣೆಯ ಸಮಸ್ಯೆ ಎನ್ನುವುದಕ್ಕಿಂತ ಅಹಿತವಾದ ಭಾವನೆಯಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ನೋಡುವವರು ಹೆಚ್ಚು. ಪ್ರಾಜೆಕ್ಟು, ಥೀಸಿಸ್ಸು, ಮನೆಯ ಪಾಲುಪಟ್ಟಿ ಎಂದು ಮುಗಿಯದ ಕೆಲಸ ಹೊತ್ತು ಬಂದವರನ್ನೆಲ್ಲ ನಾನು ಈಗ ಒಂದು ಪ್ರಶ್ನೆ ಕೇಳುತ್ತೇನೆ: ಇದು ಮುಗಿದರೆ ಯಾರಿಗೆ ನೋವಾಗುತ್ತದೆ? ಎಷ್ಟೋ ಸಲ ಉತ್ತರವಾಗಿ ಒಂದು ಹೆಸರು ಬರುತ್ತದೆ.

ಇನ್ನೊಂದು ಸಣ್ಣ ಹೊರೆಯೂ ಇತ್ತು. ಗಿರೀಶ್ ಕಾಸರವಳ್ಳಿಯವರು ತೀರ್ಥಹಳ್ಳಿ ತಾಲ್ಲೂಕಿನವರು, ಮೊದಲ ಕಥಾಚಿತ್ರಕ್ಕೇ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ತಂದ ನಿರ್ದೇಶಕರು. ಅದೇ ತಾಲ್ಲೂಕಿನ ಹುಡುಗಿ ಸಿನಿಮಾ ಮಾಡಿದಳೆಂದರೆ ನೆಂಟರೆಲ್ಲ ಅವರ ಹೆಸರು ಎತ್ತದೆ ಬಿಡುವುದಿಲ್ಲ. ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರುವ ಮುಂಚೆ ಫಾರ್ಮಸಿ ಓದಿದ್ದರು ಎಂದೆ. ನಕ್ಕಳು. ಆ ವಿಷಯ ಅಲ್ಲಿಗೆ ಬಿಟ್ಟೆವು.

ಕೊಟ್ಟ ಸಲಹೆಗೆ ಬರುತ್ತೇನೆ. ಮೊದಲನೆಯದು ಕೆಲಸದ ಕ್ರಮ. ಬಣ್ಣ, ಸಂಗೀತ, ಅಕ್ಷರ ಯಾವುದನ್ನೂ ಮುಟ್ಟದೆ ಕೊನೆಯ ಶಾಟ್‌ವರೆಗೆ ಒರಟಾಗಿ ಜೋಡಿಸುವುದು. ಇಲ್ಲದ ಕಡೆ ಕಪ್ಪು ಪರದೆ ಹಾಕಿ ‘ಇಲ್ಲಿ ಇಂಥದ್ದು’ ಎಂದು ಬರೆದು ಮುಂದೆ ಹೋಗುವುದು. ವೃತ್ತಿಪರರೂ ಚಿತ್ರದ ಕತ್ತರಿ ಕೆಲಸ ಪೂರ್ತಿ ಮುಗಿಸಿ, ಇನ್ನು ಒಂದು ಫ್ರೇಮೂ ಕದಲುವುದಿಲ್ಲ ಎಂದು ಬೀಗ ಹಾಕಿದ ಮೇಲೇ ಧ್ವನಿ ಮತ್ತು ಬಣ್ಣಕ್ಕೆ ಕೈ ಹಾಕುವುದು. ಅದಕ್ಕೇ ಪಿಕ್ಚರ್ ಲಾಕ್ ಎನ್ನುತ್ತಾರೆ. ಮೊದಲೇ ಧ್ವನಿ ಕೂರಿಸಿದರೆ ಮುಂದೆ ಒಂದು ಶಾಟ್ ತೆಗೆದಾಗಲೆಲ್ಲ ಉಳಿದದ್ದೆಲ್ಲ ಸರಿಯುತ್ತದೆ, ಆಗ ಯಾವ ಶಾಟನ್ನೂ ತೆಗೆಯಲು ಮನಸ್ಸು ಬರುವುದಿಲ್ಲ. ಇವಳ ಮನಸ್ಸಿಗೆ ಬೇಕಾಗಿದ್ದದ್ದೂ ಅದೇ.

ಎರಡು ಪ್ರತಿ ಮಾಡು ಎಂದೆ, ಅವನಿರುವುದು ಒಂದು, ಇಲ್ಲದ್ದು ಒಂದು. ಎರಡನ್ನೂ ತಂಡದ ಪರಿಚಯವಿಲ್ಲದ ಒಬ್ಬರಿಗೆ ತೋರಿಸು. ‘ಹೇಗಿದೆ’ ಎಂದು ಕೇಳಬೇಡ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಎಲ್ಲಿ ಮೊಬೈಲ್ ನೋಡಬೇಕೆನ್ನಿಸಿತು ಎಂದು ಕೇಳು. ಅವನಿಲ್ಲದ ಪ್ರತಿಯೇ ಮೇಲೆಂದು ತೀರ್ಮಾನವಾದರೆ ಅವನಿಗೆ ಹೇಳುವ ಮುಂಚೆ ಬೇರೆ ಯಾರಿಗೂ ತೋರಿಸಬೇಡ.

ಹೇಳುವುದು ಹೇಗೆ ಎಂಬುದಕ್ಕೇ ಹೆಚ್ಚು ಹೊತ್ತು ಹೋಯಿತು. ವಾಟ್ಸ್ಆ್ಯಪ್‌ನಲ್ಲಿ ಬೇಡ, ಎದುರಿಗೆ ಕೂತು ಹೇಳಬೇಕು. ಅವರ ಮನೆಯಲ್ಲೂ ಬೇಡ, ತಾಯಿಯೆದುರು ಅವನು ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಸಿಟ್ಟಿಗೆ ಜಾಗ ಬೇಕು. ತೀರ್ಮಾನ ಆಗಿಬಿಟ್ಟಿದ್ದರೆ ‘ಏನಂತೀಯ?’ ಎಂದು ಒಪ್ಪಿಗೆ ಕೇಳುವ ನಾಟಕ ಮಾಡಬಾರದು. ಗೈಡ್ ಹೇಳಿದರು, ಸಮಯ ಹೆಚ್ಚಾಯಿತು ಎಂದು ಬೇರೆಯವರ ಹೆಗಲಿಗೆ ದಾಟಿಸಬಾರದು. ಋಣದ ಮಾತನ್ನು ಪೀಠಿಕೆಯಾಗಿ ಆಡಬಾರದು. ‘ನಿಮ್ಮಮ್ಮ ಎಷ್ಟು ಚೆನ್ನಾಗಿ ನೋಡಿಕೊಂಡರು’ ಎಂದು ಶುರುವಾದರೆ ಕೇಳುವವನಿಗೆ ಮುಂದೆ ಬರುವ ಪೆಟ್ಟು ಗೊತ್ತಾಗುತ್ತದೆ, ಉಪಕಾರವೂ ಹಗುರಾಗುತ್ತದೆ. ಮೊದಲು ತೀರ್ಮಾನ, ಆಮೇಲೆ ಕಾರಣ, ಆಮೇಲೆ ಸುಮ್ಮನಿರುವುದು. ಕೋಣೆಯಲ್ಲಿ ನಾನು ಅವನಾಗಿ ಕೂತೆ, ಅವಳು ಹೇಳಿ ಅಭ್ಯಾಸ ಮಾಡಿದಳು. ಮೊದಮೊದಲು ‘ನಿನ್ನ ಆ್ಯಕ್ಟಿಂಗ್ ಚೆನ್ನಾಗೇ ಇದೆ, ಆದ್ರೆ’ ಎಂದೇ ಬರುತ್ತಿತ್ತು. ಕೊನೆಗೆ ಅವಳದೇ ಮಾತು ಸಿಕ್ಕಿತು: “ನಿನ್ನ ಸೀನ್ ತೆಗೀತಾ ಇದೀನಿ. ಗೌಡ್ರು ದೋಟಿ ಮುಟ್ಟಿ ನೋಡೋ ಶಾಟ್ ಇದ್ಯಲ್ಲ, ಅದೇ ಸಾಕು ಅನ್ನಿಸ್ತು. ಕಥೆ ನಿಂದೇ, ಹೆಸರು ಇರತ್ತೆ.”

ಹೊರಡುವ ಮುಂಚೆ ಒಂದು ಮಾತು ಸೇರಿಸಿದೆ. ಹಾರ್ಡ್‌ಡಿಸ್ಕ್ ಅವನದ್ದು, ಇರುವುದು ಒಂದೇ ಪ್ರತಿ. ಅವನೊಂದಿಗೆ ಮಾತಾಡುವ ಮೊದಲು ಎಲ್ಲವನ್ನೂ ಇನ್ನೆರಡು ಕಡೆ ನಕಲು ಮಾಡಿಟ್ಟುಕೋ, ಒಂದು ಮನೆಯಿಂದ ಹೊರಗಿರಲಿ. ಅವಳಿಗೆ ಇದು ಅಪನಂಬಿಕೆ ಎನ್ನಿಸಿತು. ಒಂದೇ ಡಿಸ್ಕಿನಲ್ಲಿ ನಾಲ್ವರ ಕೆಲಸ ಇಡುವುದು ಯಾವ ಕಾಲಕ್ಕೂ ತಪ್ಪು, ಜಗಳ ಇರಲಿ ಬಿಡಲಿ ಎಂದೆ.

ದಿನಚರಿಗೆ ಹೆಚ್ಚೇನೂ ಹೇಳಲಿಲ್ಲ. ರಾತ್ರಿಯ ಕೆಲಸ ನಿಲ್ಲಿಸಿ ಬೆಳಿಗ್ಗೆ ಕೂರುವುದು. ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡ ಸಂಕಲ್ಪ ಬರೀ ಸಂಕಲ್ಪಕ್ಕಿಂತ ಹೆಚ್ಚು ನಡೆಯುತ್ತದೆ ಎಂದು ತೋರಿಸಿದವರು. ಅವಳು ಬರೆದುಕೊಂಡದ್ದು: ಕರೆಂಟ್ ಹೋದರೆ ದೃಶ್ಯಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಜೋಡಿಸುತ್ತೇನೆ. ಆಷಾಢದ ಮಳೆಯಲ್ಲಿ ಅವರೂರಿನ ಕರೆಂಟ್ ಇದ್ದ ಸ್ಥಿತಿಗೆ ಸಿನಿಮಾದ ಉತ್ತರಾರ್ಧದ ಹೆಚ್ಚಿನ ಭಾಗ ಚೀಟಿಯ ಮೇಲೇ ಆಯಿತು.

ಗಡುವನ್ನು ನಾನು ಇಡಲಿಲ್ಲ. ಕೊನೆಗೌಡರು ಯಾವಾಗ ಬಿಡುವಾಗಿರುತ್ತಾರೆ ಎಂದು ಕೇಳಿಕೊಂಡು ಬಾ ಎಂದೆ. ಮಳೆಗಾಲದಲ್ಲಿ ಹೊಳವಾದಾಗಲೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತಬೇಕಾದವರೂ ಅವರೇ. ಅದು ಮುಗಿದು ಕೊಯ್ಲು ಶುರುವಾಗುವ ನಡುವಿನ ದಿನಗಳು ಸಿಕ್ಕವು. ಕೊಯ್ಲು ಯಾರಿಗೂ ಕಾಯುವುದಿಲ್ಲವಾದ್ದರಿಂದ ಈ ಗಡುವನ್ನು ಮುಂದೂಡುವಂತಿರಲಿಲ್ಲ.

ಗೆಳೆಯನಿಗೆ ಹೇಳಿದ್ದು ಶಿವಮೊಗ್ಗದಲ್ಲೇ, ತುಂಗಾ ನದಿಯ ಹತ್ತಿರ. ಅವನು ಸಿಟ್ಟಾದ. ಇಷ್ಟು ತಿಂಗಳು ಯಾಕೆ ಹೇಳಲಿಲ್ಲ ಎಂಬುದೇ ಅವನ ದೊಡ್ಡ ಸಿಟ್ಟು. ಸೀನ್ ಹೋದದ್ದಕ್ಕೆ ಅಷ್ಟಿಲ್ಲ. ಹಾರ್ಡ್‌ಡಿಸ್ಕ್ ವಾಪಸ್ ಕೇಳಿದ, ಕೊಟ್ಟಳು. ನಕಲು ಇತ್ತು, ಕೆಲಸ ನಡೆಯಿತು. ಅವನಿಲ್ಲದೆ ಸಿನಿಮಾ 14 ನಿಮಿಷಕ್ಕೆ ಮುಗಿದಿದೆ.

ಅವನ ಹಳ್ಳಿಯಲ್ಲೇ, ಅಡಿಕೆ ಒಣಗಿಸುವ ಅಂಗಳದಲ್ಲಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ತೋರಿಸಿದರು. ಅವನು ಬರಲಿಲ್ಲ, ಅವನ ತಾಯಿ ಬಂದಿದ್ದರು. ಮುಗಿದ ಮೇಲೆ ಎಲ್ಲರೆದುರೇ ಕೇಳಿದರಂತೆ, “ನನ್ನ ಮಗ ಎಲ್ಲಿ ಮಾರಾಯ್ತಿ?” ನನ್ನ ಜೊತೆ ಅಭ್ಯಾಸ ಮಾಡಿದ್ದ ಮಾತನ್ನೇ ಇವಳು ಅವರಿಗೂ ಹೇಳಿದಳು. ಕೊನೆಗೌಡರ ತಕರಾರು ಬೇರೆ: ತಾವು ಜೀಕುವ ಶಾಟ್ ಇನ್ನೂ ಉದ್ದ ಇರಬೇಕಿತ್ತಂತೆ.

ನಿದ್ದೆ ಸರಿಹೋಗಿದೆ, ಫೋನ್ ಎತ್ತುತ್ತಾಳೆ. ಅವಳೂ ಅವನೂ ಎದುರು ಸಿಕ್ಕರೆ ಮಾತಾಡುತ್ತಾರೆ, ಮೊದಲಿನ ಸಲಿಗೆ ಇಲ್ಲ. ಅವನ ದೃಶ್ಯಗಳನ್ನು ಸೇರಿಸಿ ಇನ್ನೊಂದು ಪ್ರತಿ ಮಾಡಿ ಕಳಿಸಲೇ ಎಂದು ಕಳೆದ ಸಲ ಕೇಳಿದಳು. ಅವನಾಗಿ ಕೇಳುವವರೆಗೆ ಬೇಡ ಎಂದಿದ್ದೇನೆ.