ಹಳಿಗೆ ಎಮರಿ ಪೇಪರ್ ಹಾಕಬೇಡಿ ಮಾರಾಯ್ರೆ

ನಿಮ್ಮ ಪೋಸ್ಟ್ ನೋಡಿ ಸುಮ್ನೆ ಇರಲಿಕ್ಕೆ ಆಗಲಿಲ್ಲ. ಮಳೆ ಬಿಟ್ಟ ಮೇಲೆ ಸ್ಲಾಟ್ ಕಾರಿನ (ಟ್ರ್ಯಾಕಿನ ಸೀಳಿನಲ್ಲಿ, ಲೋಹದ ಹಳಿಯಿಂದ ಕರೆಂಟ್ ಪಡೆದು ಓಡುವ ಆಟಿಕೆ ರೇಸ್ ಕಾರು) ಟ್ರ್ಯಾಕ್ ಹೊರಗೆ ತೆಗೆದಿರಿ, ಹಳಿ ತುಕ್ಕು ಹಿಡಿದಿತ್ತು, ಎಮರಿ ಪೇಪರಿನಲ್ಲಿ ಉಜ್ಜಿ ಮೇಲಿಂದ ತೆಂಗಿನೆಣ್ಣೆ ಸವರಿದಿರಿ. ಈಗ ನಿಮ್ಮ ಪೋರ್ಷೆ 917 ಎರಡು ಸುತ್ತು ಓಡಿ ನಿಲ್ಲುತ್ತದೆ, ಮೋಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಮೋಟರ್ ಈಗಲೇ ತರಿಸಬೇಡಿ. ಮೊದಲು ಕಾರನ್ನು ಮಗುಚಿ ಅಡಿಯ ಮ್ಯಾಗ್ನೆಟ್ ನೋಡಿ. ಗಡ್ಡ ಬೆಳೆದ ಹಾಗೆ ಕಪ್ಪು ಪುಡಿ ಅಂಟಿದೆಯಾ? ಹಾಗಾದರೆ ನನ್ನದೇ ಕತೆ.

ಮಂಗಳೂರಿನ ಕದ್ರಿಯ ಹಳೇ ಮನೆಯಲ್ಲಿದ್ದಾಗ ನಾನು ಇದನ್ನೇ ಮಾಡಿದ್ದೆ, ಎಣ್ಣೆ ಸಮೇತ. ಹಳಿ ಕನ್ನಡಿಯ ಹಾಗೆ ಹೊಳೆಯಿತು. ಖುಷಿಯಲ್ಲಿ ಗಲ್ಫ್ ಎಣ್ಣೆ ಕಂಪೆನಿಯ ತಿಳಿನೀಲಿ-ಕಿತ್ತಳೆ ಬಣ್ಣದ ಫೋರ್ಡ್ ಜಿಟಿ40 ಬಿಟ್ಟೆ, 6ನೇ ನಂಬರಿನದ್ದು. 1969ರ ಫ್ರಾನ್ಸಿನ 24 ಗಂಟೆ ರೇಸ್ ಲೆ ಮಾನ್‌ನಲ್ಲಿ ಡ್ರೈವರ್ ಜಾಕಿ ಇಕ್ಸ್ ಓಡಿ ಹೋಗಿ ಕಾರು ಹತ್ತುವ ಸ್ಟಾರ್ಟ್ ಅಪಾಯ ಅಂತ ಪ್ರತಿಭಟಿಸಿ ನಿಧಾನ ನಡೆದು ಹೋಗಿ ಹತ್ತಿದರಲ್ಲ, ಎಲ್ಲರಿಗಿಂತ ಹಿಂದಿನಿಂದ ಹೊರಟು 24 ಗಂಟೆ ಆದ ಮೇಲೆ ನೂರು ಚಿಲ್ಲರೆ ಮೀಟರಿನಲ್ಲಿ ಗೆದ್ದರಲ್ಲ, ಅದೇ ಕಾರು. ನಮ್ಮ ಚಾವಡಿಯಲ್ಲಿ ಅದು ನಾಲ್ಕನೇ ಸುತ್ತಿಗೆ ಸತ್ತಿತು. ಕಬ್ಬಿಣದ ಹಳಿ ಉಜ್ಜಿದರೆ ಬರುವುದು ಕಬ್ಬಿಣದ ಪುಡಿ. ಕಾರಿನ ಅಡಿಯ ಮ್ಯಾಗ್ನೆಟ್ ಅದನ್ನು ಗುಡಿಸಿಕೊಂಡು ಹೋಗುತ್ತದೆ. ಮೋಟರಿನ ಒಳಗೂ ಮ್ಯಾಗ್ನೆಟ್ ಉಂಟು, ಡಬ್ಬಿಯ ಕಿಂಡಿಯಿಂದ ಪುಡಿ ಒಳಗೆ ಹೋಯಿತೆಂದರೆ ಆರ್ಮೇಚರ್ (ಒಳಗೆ ತಿರುಗುವ ತಂತಿ ಸುರುಳಿ) ಕೆರೆಯಲು ಶುರು. ಕಿರ್ ಅಂತ ಒಂದು ಸಣ್ಣ ಸದ್ದು, ಆಮೇಲೆ ಸುಟ್ಟ ವಾಸನೆ. ಗೀರು ಬಿದ್ದ ಹಳಿಯಲ್ಲಿ ತೇವ ನಿಂತು ಮುಂದಿನ ವರ್ಷ ತುಕ್ಕು ಇನ್ನೂ ಜಾಸ್ತಿ. ತೆಂಗಿನೆಣ್ಣೆ ಬಗ್ಗೆ ಹೇಳುವುದೇ ಬೇಡ. ಅದು ಕರೆಂಟ್ ಹಾಯಲು ಬಿಡುವುದಿಲ್ಲ, ಧೂಳು ಹಿಡಿದು ಅಂಟಾಗುತ್ತದೆ, ಟೈರಿಗೆ ತಾಗಿದರೆ ತಿರುವಿನಲ್ಲಿ ಕಾರು ಸೀದಾ ಸೋಫಾದಡಿಗೆ. ನನಗೆ ಇರುವೆಯೂ ಬಂತು.

ಈಗ ಮಾಡಬೇಕಾದ್ದು. ಮ್ಯಾಗ್ನೆಟ್ಟಿನ ಪುಡಿಯನ್ನು ಮಾಸ್ಕಿಂಗ್ ಟೇಪಿನಲ್ಲಿ ಒತ್ತಿ ಒತ್ತಿ ತೆಗೆಯಿರಿ. ಬಾಯಲ್ಲಿ ಊದಬೇಡಿ, ಒಳಗೆ ಹೋಗುತ್ತದೆ. ಹಳಿಗೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಹಳೇ ಹತ್ತಿ ಬೈರಾಸಿನ ತುಂಡು. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ. ಕಿಟಕಿ ತೆಗೆದಿಡಿ, ಗ್ಯಾಸ್ ಒಲೆ ಹತ್ತಿರ ಬೇಡ, ಪೂರ್ತಿ ಒಣಗದೆ ಪವರ್ ಹಾಕಬೇಡಿ. ಉಳಿದ ತುಕ್ಕಿಗೆ ಮಕ್ಕಳ ಪೆನ್ಸಿಲ್ ರಬ್ಬರ್ ಸಾಕು. ಕೈ ನೋಯುತ್ತದೆ, ನೋಯಲಿ. ಬ್ರೇಡ್, ಅಂದರೆ ಹಳಿಯಿಂದ ಕರೆಂಟ್ ತೆಗೆಯುವ ಕಾರಿನಡಿಯ ಹೆಣೆದ ತಂತಿ, ಎಣ್ಣೆ ಕುಡಿದಿರುತ್ತದೆ, ತೊಳೆಯುವುದಕ್ಕಿಂತ ಹೊಸದು ಹಾಕಿ. ತುದಿಯನ್ನು ಪಿನ್ನಿನಲ್ಲಿ ಸ್ವಲ್ಪ ಬಿಡಿಸಿ, ಎರಡೂ ಕಡೆಯದ್ದು ಒಂದಕ್ಕೊಂದು ತಾಗಿದರೆ ಶಾರ್ಟ್. ಎಣ್ಣೆ ಬೇಕಾದ್ದು ಚಕ್ರದ ದಂಡ ತಿರುಗುವ ಆಕ್ಸಲ್ ಬುಶ್‌ಗೆ ಮಾತ್ರ, ಅದೂ ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ತುದಿಯಲ್ಲಿ ಒಂದು ಹನಿ.

ಇಷ್ಟಾದ ಮೇಲೂ ಒಂದೇ ಜಾಗದಲ್ಲಿ ನಿಧಾನವಾದರೆ ಅದು ಜಾಯಿಂಟ್, ಕಾರಿನದ್ದಲ್ಲ. ಆ ತುಂಡು ಬಿಚ್ಚಿ ಹಳಿಯ ನಾಲಿಗೆಯನ್ನು ಪ್ಲೈಯರಿನಲ್ಲಿ ಒಂಚೂರು ಒತ್ತಿ ಬಿಗಿ ಮಾಡಿ. ಟ್ರ್ಯಾಕ್ ಉದ್ದ ಇದ್ದರೆ ಆಚೆ ತುದಿಗೂ ಒಂದು ಜೋಡಿ ವೈರ್ ಎಳೆಯಿರಿ. ಯಾವ ಲೇನಿನ ಯಾವ ಹಳಿ ಅಂತ ಗುರುತು ಹಾಕಿಕೊಳ್ಳಿ, ಅದಲು ಬದಲಾದರೆ ಶಾರ್ಟ್ ಆಗಿ ಅಡಾಪ್ಟರ್ ಹೋದೀತು.

ಹೊಸ ಟ್ರ್ಯಾಕ್ ಕೊಳ್ಳುವವರು ಕರೆರಾ ಕಂಪೆನಿಯದ್ದು ನೋಡಿ, ಹಳಿ ಸ್ಟೇನ್‌ಲೆಸ್ ಸ್ಟೀಲ್. ಜಾಗ ಜಾಸ್ತಿ ತಿನ್ನುತ್ತದೆ, ಆದರೆ ಕರಾವಳಿಗೆ ಅದೇ ಸರಿ. ಕಾರಿಗೆ ನಾನು ಸ್ಲಾಟ್.ಇಟ್ ಕಂಪೆನಿಯ ಪಕ್ಷ, ಗೇರ್ ಸದ್ದು ಕೇಳಿದರೆ ಗೊತ್ತಾಗುತ್ತದೆ. ಶೋಕೇಸಿಗೆ ಮಾತ್ರ ಆದರೆ ನಿಮ್ಮಿಷ್ಟ, ಆದರೆ ಓಡಿಸದ ಸ್ಲಾಟ್ ಕಾರು ಎಂತಕ್ಕೆ?

ಇನ್ನೊಂದು, ಬೈಯುವುದಲ್ಲ. ನಿಮ್ಮ ಫೋಟೋದ ಕೆಳಗೆ 'ಲೆ ಮಾನ್ ಗೆದ್ದ ಕಾರು' ಅಂತ ಬರೆದಿದ್ದೀರಿ. ಗಲ್ಫ್ ನೀಲಿಯ 917 ಲೆ ಮಾನ್ ಗೆದ್ದೇ ಇಲ್ಲ. 1970ರಲ್ಲಿ ಗೆದ್ದದ್ದು ಕೆಂಪು ಬಿಳಿಯ 23ನೇ ನಂಬರ್, ಹರ್ಮನ್ ಮತ್ತು ಆಟ್‌ವುಡ್ ಓಡಿಸಿದ್ದು. 1971ರದ್ದು ಮಾರ್ಟಿನಿ ಕಂಪೆನಿಯ ಪಟ್ಟೆಯ 22ನೇ ನಂಬರ್. ಗಲ್ಫ್ ಬಣ್ಣದಲ್ಲಿ ಗೆದ್ದ ಕಾರು ಬೇಕಿದ್ದರೆ ಜಿಟಿ40 ತಗೊಳ್ಳಿ, 1968ರ 9 ಅಥವಾ 1969ರ 6. ಎರಡೂ ವರ್ಷ ಗೆದ್ದದ್ದು ಒಂದೇ ಚಾಸಿ (ಕಾರಿನ ಮೂಲ ಚೌಕಟ್ಟು), ನಂಬರ್ 1075. ಹಾಗಾಗಿ ಎರಡನ್ನೂ ತಗೊಂಡರೆ ಮನೆಯಲ್ಲಿ 'ಒಂದೇ ಕಾರು' ಅಂತ ಹೇಳಬಹುದು.

ಮುಂದಿನ ಆಟಿಗೆ (ಜೋರು ಮಳೆಯ ತುಳು ತಿಂಗಳು) ಮುಂಚೆ ಟ್ರ್ಯಾಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಅಟ್ಟಕ್ಕೆ ಹಾಕಬೇಡಿ, ತೇವ ಒಳಗೇ ಉಳಿಯುತ್ತದೆ. ನಾನು ಕಪಾಟಿನ ಕೆಳಗಿನ ಖಾನೆಯಲ್ಲಿ 15 ವ್ಯಾಟಿನ ಹಳೇ ಬಲ್ಬ್ ಉರಿಸುತ್ತೇನೆ. ಎಲ್ಇಡಿ ಆಗುವುದಿಲ್ಲ, ಬಿಸಿಯೇ ಇಲ್ಲ. ಬಲ್ಬಿನಿಂದ ಒಂದು ಗೇಣಾದರೂ ದೂರ ಇರಲಿ, ಪ್ಲಾಸ್ಟಿಕ್ ಬಾಡಿ ಬಾಗುತ್ತದೆ. ಜೊತೆಗೆ ನೀಲಿ ಸಿಲಿಕಾ ಜೆಲ್. ಗುಲಾಬಿ ಆದರೆ ಸಣ್ಣ ಉರಿಯಲ್ಲಿ ಹುರಿಯಿರಿ, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ, ಅದು ವಿಷ. ಕಾರಿನ ಹಿಂದಿನ ಟೈರ್ ನೆಲಕ್ಕೆ ತಾಗದ ಹಾಗೆ ಎತ್ತಿಡಿ, ಇಲ್ಲದಿದ್ದರೆ ಚಪ್ಪಟೆಯಾಗಿ ಟಕ್ ಟಕ್ ಅಂತ ಓಡುತ್ತದೆ.

ಮ್ಯಾಗ್ನೆಟ್ಟಿನ ಫೋಟೋ ಹಾಕಿ, ನೋಡುವ.